ಶೀತ ಹೋಯಿತು, ಕಾಲು ಯಾಕೆ ಜುಮ್ಮೆನ್ನುತ್ತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಶೀತ, ಫ್ಲೂ, ಕೋವಿಡ್‌ನಂಥ ವೈರಸ್ ಕಾಯಿಲೆಗಳು ನಮ್ಮ ನರ, ಮಿದುಳಿಗೆ ಏನು ಮಾಡುತ್ತವೆ ಅನ್ನುವುದೇ ಇವತ್ತಿನ ಮಾತು. ಕೋವಿಡ್ ಬಂದಾಗ ನಮ್ಮ ರಾಯಚೂರು ಕಡೆ ಎಷ್ಟೋ ಮನೆಗಳಲ್ಲಿ ಕಾಯಿಲೆ ಮೊದಲು ಗೊತ್ತಾಗಿದ್ದು ಅಡುಗೆಮನೆಯಲ್ಲೇ. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೂ ವಾಸನೆ ಇಲ್ಲ, ಆದರೆ ಹಲವರಿಗೆ ಮೆಣಸಿನಕಾಯಿ ಘಾಟು ಮಾತ್ರ ತಾಕುತ್ತಿತ್ತು. ಘಾಟು ತಿಳಿಸುವ ನರ ಬೇರೆ, ವಾಸನೆ ತಿಳಿಸುವ ನರ ಬೇರೆ!

ಹಾಗಾದರೆ ವೈರಸ್ ವಾಸನೆಯ ನರವನ್ನೇ ತಿಂದುಹಾಕಿತಾ? ಸಾಮಾನ್ಯವಾಗಿ ಇಲ್ಲ. ಅದು ಹೆಚ್ಚಾಗಿ ಹೊಕ್ಕಿದ್ದು ಆ ನರಕೋಶಗಳನ್ನು ಸಾಕುವ ಪಕ್ಕದ ಕೋಶಗಳನ್ನು. ಅವು ಮತ್ತೆ ಬೆಳೆಯುತ್ತವೆ, ಅದಕ್ಕೇ ಬಹಳ ಜನರಿಗೆ ಕೆಲವೇ ವಾರದಲ್ಲಿ ವಾಸನೆ ವಾಪಸ್ ಬಂತು. ಬರದವರಿಗೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯನ್ನು ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ ಮೂಸುವ ಅಭ್ಯಾಸ ಹೇಳುತ್ತಾರೆ. ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

ಮಿದುಳಿನ ಮಾತಿಗೆ ಬಂದರೆ, ಬ್ರಿಟನ್ನಿನಲ್ಲಿ 785 ಜನರ ಮಿದುಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿ 2022ರಲ್ಲಿ ವರದಿ ಕೊಟ್ಟರು. ನಡುವೆ ಕೋವಿಡ್ ಬಂದವರಲ್ಲಿ ವಾಸನೆಗೆ ಸಂಬಂಧಿಸಿದ ಭಾಗಗಳು ಉಳಿದವರಿಗಿಂತ ಸ್ವಲ್ಪ ಜಾಸ್ತಿ ಸವೆದಿದ್ದವು. ಸ್ವಲ್ಪ ಅಂದೆ, ಗಾಬರಿಯಾಗಬೇಡಿ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಜ್ವರ ಶೀತ ಎಲ್ಲ ಬಿಟ್ಟುಹೋಗಿ ಒಂದೆರಡು ವಾರವಾದ ಮೇಲೆ ಪಾದ ಜುಮ್ಮೆನ್ನುತ್ತದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ, ಬಲಹೀನತೆ ಕಾಲಿಂದ ಮೇಲಕ್ಕೆ ಏರುತ್ತಾ ಬರುತ್ತದೆ. ಇದು ಗಿಲನ್ ಬಾರೆ ಕಾಯಿಲೆ ಇರಬಹುದು. ಅಪರೂಪದ್ದು, ಹೊಟ್ಟೆ ಕೆಟ್ಟು ಭೇದಿಯಾದ ಮೇಲೂ ಬರುತ್ತದೆ. ವೈರಸ್ ಜೊತೆ ಹೋರಾಡಲು ಎದ್ದ ನಮ್ಮ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ನರದ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ, ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ನಮ್ಮಲ್ಲಿ ಆಗ "ಗಾಳಿ ಬಡಿದಿದೆ" ಅಂತ ಎಣ್ಣೆ ತಿಕ್ಕುತ್ತಾ ನಾಲ್ಕು ದಿನ ಕಳೆಯುತ್ತಾರೆ. ಬೇಡ್ರಿ! ಉಸಿರಾಟದ ಸ್ನಾಯುಗಳಿಗೂ ಅದು ಏರಬಹುದು. ಇದಕ್ಕೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ರಕ್ಷಣಾ ಪ್ರೋಟೀನಿನ ಇಂಜೆಕ್ಷನ್ ಇದೆ, ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ ಬದಲಿಸುವ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟು ಒಳ್ಳೆಯದು. ಹೆಚ್ಚಿನವರು ಮತ್ತೆ ನಡೆದಾಡುತ್ತಾರೆ, ನಿಧಾನಕ್ಕೆ.

ಇನ್ನು ಮಕ್ಕಳದ್ದು. ಫ್ಲೂ ಜ್ವರಕ್ಕೆ ಮನೆಯಲ್ಲಿ ಹಿರಿಯರಿಗೆ ತಂದಿಟ್ಟ ಆಸ್ಪಿರಿನ್ ಕೊಡಲೇಬೇಡಿ. ರೇ ಸಿಂಡ್ರೋಮ್ ಅಂತ, ಅಪರೂಪಕ್ಕೆ ಲಿವರ್ ಕೆಟ್ಟು ಮಿದುಳು ಊದಿಕೊಳ್ಳುತ್ತದೆ. ಜ್ವರ ಇಳಿಯುವ ಹೊತ್ತಿಗೆ ಮಗು ಬಿಡದೆ ವಾಂತಿ ಮಾಡಿದರೆ, ಮಂಕಾಗಿ ತಾಯಿಯ ಗುರುತೂ ಹಿಡಿಯದಿದ್ದರೆ, ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.