ಹಬೆ ಇರುವಾಗಲೇ ಬಡಿಸಬೇಕು

ಎಲ್ಲರಿಗೂ ನಮಸ್ಕಾರ. ಅಡುಗೆ ಮತ್ತು ಕಲೆಯ ಬಗ್ಗೆ ಮಾತಾಡಿ ಎಂದು ಕರೆದಾಗ ನನಗೆ ಮೊದಲು ನೆನಪಾದದ್ದು ನಾನು ಮಾಡಿದ ಒಂದು ತಪ್ಪು.

ಮೈಸೂರಿನಲ್ಲಿ ಚಿತ್ರಕಲೆ ಓದಿ ಊರಿಗೆ ಬಂದು ಕೇಟರಿಂಗ್ ಶುರುಮಾಡಿದ ವರ್ಷ ಅದು. ಕೊಡಗಿನ ವಿರಾಜಪೇಟೆ ಕಡೆಯ ಒಂದು ಮದುವೆ. ಕಲ್ಲಂಗಡಿಯಲ್ಲಿ ಹಂಸ ಕೆತ್ತಿದೆ, ಕ್ಯಾರೆಟ್‌ನಲ್ಲಿ ಗುಲಾಬಿ ಮಾಡಿದೆ, ಬಫೆ ಮೇಜಿಗೆಲ್ಲ ಬಣ್ಣದ ಬಟ್ಟೆ ಸುತ್ತಿದೆ. ಜನ ನಿಂತು ಫೋಟೋ ತೆಗೆದರು. ಅಷ್ಟರಲ್ಲಿ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಆರಿ ಗಟ್ಟಿಯಾಗಿತ್ತು. ಆ ಮನೆಯ ಹಿರಿಯರೊಬ್ಬರು ಒಂದು ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಮಗಾ, ಹಂಸ ಚೆನ್ನಾಗಿದೆ, ಪುಟ್ಟು ಬಿಸಿ ಇಲ್ಲವಲ್ಲ" ಎಂದರು. ಬೈಯಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಣ್ಣಿಗೆ ಬೇಕಾದದ್ದನ್ನು ನಾನು ಒಲೆಯಿಂದ ದೂರ ಹುಡುಕುತ್ತಿದ್ದೆ. ನಮ್ಮ ಹಂದಿ ಮಾಂಸದ ಸಾರು, ಪಂದಿ ಕರಿಯ ಕಪ್ಪು ಬಣ್ಣವನ್ನೇ ನೋಡಿ. ಕಾಳುಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆಯನ್ನು ಸೀಯುವುದಕ್ಕೆ ಒಂದೇ ಹೆಜ್ಜೆ ಇರುವಷ್ಟು ಹುರಿದಾಗ ಅರ್ಧ ಬಣ್ಣ ಬರುತ್ತದೆ. ಉಳಿದದ್ದು ಕಾಚಂಪುಳಿ ಎಂಬ ನಮ್ಮ ಹುಳಿಯದ್ದು. ಮಳೆಗಾಲದಲ್ಲಿ ಉದುರಿದ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ತುಂಬಿಟ್ಟರೆ ರಸ ತೊಟ್ಟಿಕ್ಕುತ್ತದೆ. ಅದನ್ನು ಕುದಿಸಿ ಕುದಿಸಿ ಇಳಿಸಿದರೆ ಕೊನೆಗೆ ಮಸಿಯಂಥ ಮಂದ ಹುಳಿ ಉಳಿಯುತ್ತದೆ. ಕಾಲೇಜಿನಲ್ಲಿ ಬಾಟಲಿಗಟ್ಟಲೆ ಇಂಡಿಯನ್ ಇಂಕ್ ಖರ್ಚುಮಾಡಿದವನು ನಾನು. ಅಷ್ಟು ಆಳವಾದ ಕಪ್ಪನ್ನು ಅಲ್ಲಿ ಕಂಡಿರಲಿಲ್ಲ. ಆ ಕರಿಯನ್ನು ಬಾಳೆಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಎರಡು ಬಿಳಿ ಕಡಂಬುಟ್ಟು ಇಡಿ. ಮೂರೇ ಬಣ್ಣ. ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವ ಆಸೆ ಬಿಡುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ಮದ್ದು ಸೊಪ್ಪಿನದು ಇನ್ನೊಂದು ಬಗೆ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಎಲೆ ಹಸಿರು, ಕುದಿಸಿದ ನೀರು ಮಾತ್ರ ಕಡು ನೇರಳೆ. ಆ ನೀರಿನಲ್ಲಿ ಮಾಡುವ ಪಾಯಸಕ್ಕೆ ಮಾತ್ರ ನಾನು ಬಿಳಿ ಬಟ್ಟಲು ತೆಗೆಯುತ್ತೇನೆ. ಬಟ್ಟಲಿಗೆ ಅಂಚಿನ ಹೂವಿನ ಚಿತ್ರ ಕೂಡ ಇರಬಾರದು.

ಒಲೆಯ ಕೆಲಸವನ್ನೇ ಕಲೆ ಎಂದು ನೋಡುವುದು ಹೊರಗಿನ ಲೋಕದಲ್ಲೂ ನಡೆದಿದೆ. ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಕಲಾ ಪ್ರದರ್ಶನಕ್ಕೆ 2007ರಲ್ಲಿ ಸ್ಪೇನಿನ ಬಾಣಸಿಗ ಫೆರಾನ್ ಆದ್ರಿಯಾ ಅವರನ್ನು ಕಲಾವಿದನಾಗಿ ಕರೆದರು. ಅವರು ಅಡುಗೆಯನ್ನು ಅಲ್ಲಿಗೆ ಹೊತ್ತೊಯ್ಯಲಿಲ್ಲ. ಸಮುದ್ರದಂಡೆಯ ತಮ್ಮ ಹೋಟೆಲ್ ಎಲ್‌ಬುಲ್ಲಿಯನ್ನೇ ಪ್ರದರ್ಶನದ ಒಂದು ಭಾಗವಾಗಿಸಿದರು. ದಿನಕ್ಕೆ ಇಬ್ಬರು ಪ್ರೇಕ್ಷಕರು ಅಲ್ಲಿಗೇ ಬಂದು ಉಂಡರು. 1992ರಲ್ಲಿ ರಿರ್ಕ್ರಿತ್ ತಿರವಾನಿಜ ಎಂಬ ಥಾಯ್ ಕಲಾವಿದ ನ್ಯೂಯಾರ್ಕಿನ ಗ್ಯಾಲರಿಯೊಳಗೇ ಒಲೆ ಹೂಡಿ, ಬಂದವರಿಗೆಲ್ಲ ಅನ್ನ, ಥಾಯ್ ಕರಿ ಬಡಿಸಿದರು, ದುಡ್ಡಿಲ್ಲದೆ. ನಮ್ಮ ಮದುವೆ ಮನೆಗಳ ಹಿತ್ತಲಿನಲ್ಲಿ ಬೆಳಗಿನ ಜಾವ ಹಂಡೆ ಏರಿಸುವವರಿಗೆ ಇದು ಹೊಸದೆನಿಸಲಿಕ್ಕಿಲ್ಲ.

ಈಗ ಯಾವುದೇ ಮದುವೆ ಒಪ್ಪಿಕೊಂಡರೂ ಮೊದಲು ಕಾಗದ, ಪೆನ್ಸಿಲ್ ಹಿಡಿಯುತ್ತೇನೆ. ಹೂವಿನ ಅಲಂಕಾರ ಬರೆಯುವುದಿಲ್ಲ. ಒಲೆ ಎಲ್ಲಿ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ಒಲೆಯಿಂದ ಎಲೆಗೆ ಎಷ್ಟು ಹೆಜ್ಜೆ, ಬಡಿಸುವ ಹುಡುಗರು ಎದುರುಬದುರಾಗದೆ ಹೇಗೆ ತಿರುಗಬೇಕು, ಇದನ್ನು ಬರೆಯುತ್ತೇನೆ. ಹಬೆ ಪಾತ್ರೆಯನ್ನು ಒಳಗೆ ಬಚ್ಚಿಡದೆ ಊಟಕ್ಕೆ ಕೂತವರಿಗೆ ಕಾಣುವಂತೆ ಇಡುತ್ತೇನೆ. ಮುಚ್ಚಳ ತೆಗೆದಾಗ ಏಳುವ ಹಬೆಗಿಂತ ಒಳ್ಳೆಯ ಅಲಂಕಾರ ನನಗೆ ಈವರೆಗೆ ಸಿಕ್ಕಿಲ್ಲ.

ಹೊರಗೆ ವರಾಂಡದಲ್ಲಿ ನೂಪುಟ್ಟಿನ, ಅಂದರೆ ಅಕ್ಕಿ ಶಾವಿಗೆಯ, ಒತ್ತು ಇಟ್ಟಿದ್ದೇವೆ, ಎಲೆ ಹಾಕಿಯಾಗಿದೆ. ಉಳಿದ ಪ್ರಶ್ನೆಗಳನ್ನು ಅಲ್ಲೇ ಕೇಳಿ, ಬನ್ನಿ.