ಸೊಟ್ಟ ಬೆರಳಿಗೆಲ್ಲ ಆಪರೇಷನ್ ಬೇಕೇ?

ರಾಯಚೂರಿನ ಅವ್ವಂದಿರೇ, ಅಕ್ಕಂದಿರೇ, ಅಣ್ಣಂದಿರೇ,

ರುಮಟಾಯ್ಡ್ ಸಂಧಿವಾತ, ಅಂದರೆ ಮೈಯ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಊದಿಸಿ ಕೆಡಿಸುವ ಕಾಯಿಲೆ, ಇರುವವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, "ಡಾಕ್ಟ್ರೇ, ಈ ಬೆರಳು ನೆಟ್ಟಗ ಮಾಡ್ತೀರೇನ್ರೀ?" ನಾನು ತಿರುಗಿ ಕೇಳುತ್ತೇನೆ: "ರೊಟ್ಟಿ ಬಡೀಲಿಕ್ಕೆ ಬರ್ತದೇನವ್ವಾ? ಹತ್ತಿ ಬಿಡಿಸ್ಲಿಕ್ಕೆ? ಸೀರಿ ಉಟ್ಕೊಳ್ಳಿಕ್ಕೆ?" ಬರುತ್ತದೆ, ನೋವೂ ಅಷ್ಟಿಲ್ಲ ಎಂದರೆ, ಬೆರಳು ಎಷ್ಟೇ ಸೊಟ್ಟಗಿರಲಿ, ನಾನು ಮುಟ್ಟುವುದಿಲ್ಲ. ಚೆಂದಕ್ಕಾಗಿ ಕೈ ಕೊಯ್ಯಬಾರದು ಎಂಬುದು ನನ್ನ ಹಟ.

ಮೊದಲ ಚಿಕಿತ್ಸೆ ಔಷಧಿಯೇ. ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಇಂಥ ಔಷಧಿಗಳು ಬಂದ ಮೇಲೆ ಕೈ ಆಪರೇಷನ್‌ಗಳೇ ಕಡಿಮೆಯಾಗಿವೆ.

ಆದರೆ ಒಂದು ಸಂಗತಿಗೆ ಮಾತ್ರ ಕಾಯಬೇಡಿ. ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆಗೆ, ಎಲುಬಿನ ತುದಿ ಮೇಲೆದ್ದು ಒರಟಾಗುತ್ತದೆ. ಬೆರಳೆತ್ತುವ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಅದಕ್ಕೆ ಉಜ್ಜಿ ಉಜ್ಜಿ, ಬಾವಿಯ ಕಲ್ಲಿಗೆ ಹಗ್ಗ ಸವೆದಂತೆ ಸವೆದು, ಒಂದು ದಿನ ಹರಿಯುತ್ತದೆ. ಬೆಳಿಗ್ಗೆ ಎದ್ದರೆ ಕಿರುಬೆರಳು ಜೋತುಬಿದ್ದಿರುತ್ತದೆ, ಎತ್ತಲು ಬರುವುದಿಲ್ಲ. ನೋವು ಹೆಚ್ಚಿರುವುದಿಲ್ಲ, ಮೋಸ ಇರುವುದೇ ಅಲ್ಲಿ. ನೋವಿಲ್ಲವಲ್ಲ ಎಂದು ಸುಗ್ಗಿ ಮುಗಿಯುವವರೆಗೆ ತಡೆಯುತ್ತಾರೆ. ಅಷ್ಟರಲ್ಲಿ ಉಂಗುರದ ಬೆರಳು, ಆಮೇಲೆ ನಡುಬೆರಳೂ ಬೀಳಬಹುದು. ಸವೆದ ತುದಿಗಳನ್ನು ಎಳೆದು ಹೊಲಿದರೆ ನಿಲ್ಲುವುದಿಲ್ಲ. ಒಂದೇ ಹರಿದಿದ್ದರೆ ಪಕ್ಕದ ಬೆರಳಿನ ಟೆಂಡನ್‌ಗೆ ಅದನ್ನು ಹೊಲಿಯುತ್ತೇವೆ, ಇಲ್ಲವೇ ತೋರುಬೆರಳನ್ನು ಎತ್ತುವ ಎರಡು ಟೆಂಡನ್‌ಗಳಲ್ಲಿ ಒಂದನ್ನು ತಂದು ಜೋಡಿಸುತ್ತೇವೆ. ಒರಟು ಎಲುಬು, ಟೆಂಡನ್ ಸುತ್ತ ಊದಿದ ಪೊರೆ ಎರಡನ್ನೂ ಆಗಲೇ ತೆಗೆಯುತ್ತೇವೆ. ಮೂರು ಹರಿದ ಮೇಲೆ ಬಂದರೆ ಸಾಲ ಕೊಡುವ ಬೆರಳುಗಳೇ ಉಳಿದಿರುವುದಿಲ್ಲ. ಅಂಗೈ ಕಡೆಯಿಂದ, ಬೆರಳು ಮಡಚುವ ಟೆಂಡನ್ ತರಬೇಕು, ಫಲಿತಾಂಶವೂ ಅಷ್ಟಕ್ಕಷ್ಟೇ.

ಮಣಿಕಟ್ಟು ಪೂರ್ತಿ ಸವೆದಿದ್ದರೆ ಪ್ಲೇಟು, ಸ್ಕ್ರೂ ಹಾಕಿ ಬೆಸೆಯುತ್ತೇವೆ. ಕೈ ಅಲ್ಲಿ ಬಾಗುವುದಿಲ್ಲ. ಆದರೆ ನೋವು ಹೋಗಿ ಹಿಡಿತ ಬರುತ್ತದೆ. ಎರಡೂ ಕೈ ಕೆಟ್ಟಿದ್ದರೆ, ಸಾಧ್ಯವಾದಷ್ಟು ಒಂದನ್ನು ಬಾಗುವಂತೆ ಉಳಿಸಿಕೊಳ್ಳುತ್ತೇವೆ. ಮಣಿಕಟ್ಟು ಸರಿಯಾಗದೆ ಬೆರಳು ಸರಿಮಾಡಿದರೆ ಅವು ಮತ್ತೆ ವಾಲುತ್ತವೆ.

ಬೆರಳಿನ ಬುಡದ ಗೆಣ್ಣುಗಳಿಗೆ ಸಿಲಿಕಾನ್ ಕೀಲು ಹಾಕಬಹುದು. ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ 1960ರ ದಶಕದಲ್ಲಿ ರೂಪಿಸಿದ್ದು, ಇಂದಿಗೂ ಬಳಕೆಯಲ್ಲಿದೆ. ಬೆರಳು ನೆಟ್ಟಗಾಗುತ್ತವೆ, ನೋವು ತಗ್ಗುತ್ತದೆ, ಮುಷ್ಟಿಯ ಬಲ ಮಾತ್ರ ಹೆಚ್ಚೇನೂ ಏರುವುದಿಲ್ಲ. ಗುದ್ದಲಿ ಹಿಡಿದರೆ ಸಿಲಿಕಾನ್ ಮುರಿಯಬಹುದು. ವಾರಗಟ್ಟಲೆ ಪಟ್ಟಿ ಕಟ್ಟಿಕೊಂಡು ವ್ಯಾಯಾಮ ಮಾಡಬೇಕು. ಅದಕ್ಕೆ ಬಿಡುವಿಲ್ಲದವರು ಈ ಆಪರೇಷನ್ ಮಾಡಿಸಿಕೊಳ್ಳದಿರುವುದೇ ವಾಸಿ.

ಮೊಣಕೈ ಕೀಲು ತೆಗೆದು ಕೃತಕ ಕೀಲು ಹಾಕಿಸಿಕೊಂಡರೆ ಜೀವನಪೂರ್ತಿ ಸುಮಾರು 5 ಕೆಜಿಗಿಂತ ಹೆಚ್ಚು ಎತ್ತುವಂತಿಲ್ಲ. ತುಂಬಿದ ಕೊಡ ಅದಕ್ಕಿಂತ ಎಷ್ಟೋ ಭಾರ. ಮನೆಯಲ್ಲಿ ನೀರು ತರುವವರು ಯಾರು ಎಂದು ನಾನು ಮೊದಲೇ ಕೇಳುತ್ತೇನೆ.

ಆಪರೇಷನ್ ನಿಶ್ಚಯವಾದರೆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮೆಥೋಟ್ರೆಕ್ಸೇಟನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕೈ ಆಪರೇಷನ್ನಿಗೆ ಕುತ್ತಿಗೆ ಎಕ್ಸ್‌ರೇ ಯಾಕೆ ಎಂದು ಜಗಳ ಮಾಡಬೇಡಿ. ಈ ಕಾಯಿಲೆ ಕುತ್ತಿಗೆಯ ಮೇಲಿನ ಎಲುಬುಗಳನ್ನೂ ಸಡಿಲಿಸುತ್ತದೆ. ಅರಿವಳಿಕೆ ಕೊಡುವವರಿಗೆ ಅದು ಮೊದಲೇ ಗೊತ್ತಿರಬೇಕು. ಕಿರುಬೆರಳು ಎತ್ತಲಾಗದವರು ಯಾರಾದರೂ ಇಲ್ಲಿದ್ದರೆ, ಚಹಾಕ್ಕಿಂತ ಮೊದಲು ನನಗೆ ಕೈ ತೋರಿಸಿ.