ಮೊದಲು ಬರೀರಿ, ಆಮ್ಯಾಲ ಮಾತಾಡ್ರಿ

ನಮಸ್ಕಾರ ರೀ, ಎಲ್ಲಾ ಗುರುಗಳಿಗೆ, ಅಕ್ಕಾವರಿಗೆ.

ಬ್ಯಾರೆ ದೇಶದ ಮಾಸ್ತರ ಜೋಡಿ ಕುಂತು ಬ್ರೇನ್‌ಸ್ಟಾರ್ಮಿಂಗ್, ಅಂದ್ರ ಎಲ್ಲಾರೂ ಕೂಡಿ ಐಡಿಯಾ ಹುಡುಕೂದು, ಮಾಡಾಕ ಈಗ ಒಂದು ಫೋನ್ ಇದ್ರ ಸಾಕು. ಆದ್ರ ಆಗೂದೇನು? ಎಲ್ಲಾರೂ ವಿಡಿಯೋ ಕಾಲ್‌ಗೆ ಬರ್ತಾರ, 'ನಿಮ್ಮ ಐಡಿಯಾ ಹೇಳ್ರಿ' ಅಂತಾರ, ಇಂಗ್ಲಿಷ್ ಚಲೋ ಬರೋ ಇಬ್ಬರು ನಲವತ್ತು ನಿಮಿಷ ಮಾತಾಡ್ತಾರ. ಉಳಿದವರು ಮ್ಯೂಟ್ ಮಾಡಿ ತಲಿ ಅಲ್ಲಾಡಿಸ್ತಾರ. ಹಾವೇರಿ ಕಡೆ ಹಳ್ಳಿ ಸಾಲಿಯೊಳಗ ಇಪ್ಪತ್ತು ವರ್ಷ ಕಲಿಸಿದ ಅಕ್ಕಾವರ ಅನುಭವ ಆ ಕಾಲ್‌ನಾಗ ಬರಂಗೇ ಇಲ್ಲ. ನನಗ ಇದು ಭಾಳ ದೊಡ್ಡ ನಷ್ಟ ಅನಸ್ತೈತಿ.

ತಪ್ಪು ಇಂಗ್ಲಿಷಿಂದಷ್ಟ ಅಲ್ಲ, ಪದ್ಧತೀದೂ ಐತಿ. ಬ್ರೇನ್‌ಸ್ಟಾರ್ಮಿಂಗ್‌ಗೆ ಹೆಸರು ತಂದುಕೊಟ್ಟ ಅಲೆಕ್ಸ್ ಆಸ್ಬೋರ್ನ್ ಅಮೆರಿಕದ ಜಾಹೀರಾತು ಕಂಪನಿಯವರು. ಟೀಕಾ ಆಮ್ಯಾಲ, ಐಡಿಯಾ ರಾಶಿ ಬರಲಿ, ವಿಚಿತ್ರ ಇದ್ರೂ ಇರಲಿ, ಇನ್ನೊಬ್ಬರದಕ್ಕ ನಿಮ್ಮದು ಕೂಡಸ್ರಿ ಅನ್ನೂದು ಅವರ ನಿಯಮ. 1958ರೊಳಗ ಯೇಲ್ ವಿಶ್ವವಿದ್ಯಾಲಯದಾಗ ಇದನ್ನ ಪರೀಕ್ಷೆ ಮಾಡಿದ್ರು. ನಾಲ್ಕು ಮಂದಿ ಕೂಡಿ ಕುಂತು ಕೊಟ್ಟದ್ದಕ್ಕಿಂತ, ನಾಲ್ಕು ಮಂದಿ ಬ್ಯಾರೆ ಬ್ಯಾರೆ ಕುಂತು ಕೊಟ್ಟ ಐಡಿಯಾ ಒಟ್ಟು ಮಾಡಿದ್ರ ಜಾಸ್ತಿ ಆದ್ವು. ಒಬ್ಬರು ಮಾತಾಡೂಮಟ ಉಳಿದವರು ಕಾಯಬೇಕು, ಕಾಯೂದ್ರಾಗ ತಲಿಯೊಳಗಿನದು ಮರತು ಹೋಗತೈತಿ. ವಿಡಿಯೋದಾಗ ನೆಟ್‌ವರ್ಕ್ ತಡಾ ಬ್ಯಾರೆ.

ಅದಕ್ಕ ಬರೆದು ಮಾಡ್ರಿ, ಅದೂ ಕನ್ನಡದಾಗ; ಅತ್ತಕಡೆಯವರು ಅನುವಾದ ಸಾಫ್ಟ್‌ವೇರ್ ಹಚ್ಚಿ ಓದ್ತಾರ. ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1968ರೊಳಗ ಕೊಟ್ಟ 6-3-5 ಪದ್ಧತಿ ಇದಕ್ಕ ಹೇಳಿ ಮಾಡಿಸಿದಂಗ ಐತಿ. ಆರು ಮಂದಿ, ತಲಾ ಮೂರು ಐಡಿಯಾ, ಐದು ನಿಮಿಷ. ಆಮ್ಯಾಲ ಹಾಳಿ ಮುಂದಿನವರ ಕೈಗೆ. ಆರು ಸುತ್ತಿಗೆ 108 ಐಡಿಯಾ. ಭಾಳಷ್ಟು ಒಂದಕ್ಕೊಂದು ಹೋಲ್ತಾವು, ಹೋಲಲಿ.

ಹಾವೇರಿಯಿಂದ ಇಬ್ಬರು, ಕೀನ್ಯಾದಿಂದ ಇಬ್ಬರು, ಫಿನ್ಲೆಂಡಿಂದ ಇಬ್ಬರು ಅಂತ ಹಿಡೀರಿ. ಎಲ್ಲಾರೂ ತೆರೆಯೂವಂಥ ಒಂದು ಆನ್‌ಲೈನ್ ಶೀಟ್, ಅದರಾಗ ಆರು ಪುಟ, ಪುಟಕ್ಕ ಆರು ಸಾಲು, ಮೂರು ಕಾಲಂ. 'ಶಿಕ್ಷಣ ಸುಧಾರಿಸೂದು ಹೆಂಗ' ಅಂತ ಕೇಳಿದ್ರ ಭಾಷಣ ಬರ್ತಾವು. 'ನಾಲ್ಕನೇತ್ತೆಯೊಳಗ ಬಾಯಿ ಬಿಡದ ಮಕ್ಕಳು ವಾರಕ್ಕ ಒಂದಾದ್ರೂ ಪ್ರಶ್ನೆ ತಾವ ಕೇಳೂವಂಗ ಮಾಡೂದು ಹೆಂಗ' ಅಂತ ಕೇಳ್ರಿ.

ಹಾವೇರಿ ಅಕ್ಕಾವರು ಮೊದಲನೇ ಸಾಲಿನಾಗ 'ಹೆಸರಿಲ್ಲದ ಪ್ರಶ್ನೆ ಚೀಟಿ ಹಾಕಾಕ ಡಬ್ಬಿ ಇಡೂದು' ಅಂತ ಬರೀತಾರ. ಕೀನ್ಯಾದವರು ಕೆಳಗ 'ಚೀಟಿ ಓದೂದು ಮಾಸ್ತರಲ್ಲ, ಇನ್ನೊಂದು ಮಗು' ಅಂತ ಸೇರಿಸ್ತಾರ. ಫಿನ್ಲೆಂಡಿನವರು 'ಉತ್ತರ ಗೊತ್ತಿಲ್ಲದ ಚೀಟಿ ಗೋಡೆ ಮ್ಯಾಲ ಒಂದು ವಾರ ಇರಲಿ' ಅಂತಾರ. ಬರೇ 'ಡಬ್ಬಿ' ಅಂತ ಒಂದು ಶಬ್ದ ಬರೆದಿದ್ರ ಈ ಸರಪಳಿ ಅಲ್ಲೇ ಕಡೀತಿತ್ತು. ಕ್ರಿಯಾಪದ ಇರೂ ಪೂರ್ತಿ ವಾಕ್ಯಾನ ಬರೀರಿ, ಅನುವಾದಕ್ಕೂ ಅದ ಬೇಕು.

ಇನ್ನೊಂದು ಕಡೆ ನಮ್ಮವರು ಭಾಳ ಎಡವತಾರ. ಕನ್ನಡ ಟೈಪ್ ಮಾಡೂ 'ನುಡಿ' ಸಾಫ್ಟ್‌ವೇರ್‌ನ ಹಳೇ ಫಾಂಟಿನಾಗ ಟೈಪ್ ಮಾಡಿ ಅಂಟಿಸಿದ್ರ ಅತ್ತಕಡೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣತೈತಿ, ಅನುವಾದ ಸಾಫ್ಟ್‌ವೇರ್‌ಗೂ ತಿಳಿಯಂಗಿಲ್ಲ. ಎಲ್ಲಾ ಫೋನು, ಕಂಪ್ಯೂಟರಿಗೂ ತಿಳಿಯೂ ಯೂನಿಕೋಡ್ ಅಕ್ಷರದಾಗ ಬರೀರಿ, ಫೋನಿನ ಕನ್ನಡ ಕೀಬೋರ್ಡ್ ಸಾಕು.

ಐದು ನಿಮಿಷ ಮೊದಲನೇ ಸುತ್ತಿಗೆ ಸರಿ. ಎರಡನೇ ಸುತ್ತಿನಿಂದ ಮ್ಯಾಲಿನ ಸಾಲು ಅನುವಾದ ಮಾಡಿ ಓದಬೇಕಾಗತೈತಿ, ಎಂಟು ನಿಮಿಷ ಕೊಡ್ರಿ. ಇನ್ನೂ ಚಲೋ ಅಂದ್ರ ದಿನಕ್ಕ ಒಂದ ಸುತ್ತು. ಫಿನ್ಲೆಂಡಿನಾಗ ಶನಿವಾರ ಸಾಲಿ ಇರಂಗಿಲ್ಲ. ಸೋಮವಾರದಿಂದ ಶುಕ್ರವಾರ ಐದು ಸುತ್ತು ಮುಗಿಸಿ ಆರನೇದು ಮುಂದಿನ ಸೋಮವಾರಕ್ಕ ಇಡ್ರಿ.

ಬಂದ ಐಡಿಯಾದಾಗ ಚಲೋವು ಆರಸೂದಕ್ಕಷ್ಟ ವಿಡಿಯೋ ಕಾಲ್. ನಮ್ಮ ಸಂಜೀ 5 ಗಂಟೆ ಅಂದ್ರ ಕೀನ್ಯಾದಾಗ ವರ್ಷಪೂರ್ತಿ ಮಧ್ಯಾಹ್ನ 2:30. ಫಿನ್ಲೆಂಡಿನಾಗ ಬ್ಯಾಸಗಿಗೆ 2:30, ಚಳಿಗಾಲಕ್ಕ 1:30; ಮಾರ್ಚ್, ಅಕ್ಟೋಬರ್ ಕಡೇ ಭಾನುವಾರ ಅವರ ಗಡಿಯಾರ ಬದಲಾಗತೈತಿ, ಆ ವಾರ ಮತ್ತೊಮ್ಮೆ ತಿಳಿಸ್ರಿ. ಕಾಲ್‌ಗಿಂತ ಮೊದಲ ಗುಟ್ಟಾಗಿ ಒಬ್ಬೊಬ್ಬರಿಗೆ ಮೂರು ಮತ. ಇಲ್ಲಂದ್ರ ಹೆಡ್‌ಮಾಸ್ತರ ಹಾಕಿದ್ದಕ್ಕ ಎಲ್ಲಾ ಮತ ಬೀಳ್ತಾವು.

ವಿದೇಶಕ್ಕ ಹೋಗೂ ಮೊದಲು ಸುತ್ತಲಿನ ಸಾಲಿ ಮಾಸ್ತರು ಕೂಡೂ ಕ್ಲಸ್ಟರ್ ಸಮಾಲೋಚನಾ ಸಭೆಯೊಳಗ ಒಮ್ಮೆ ಹಾಳಿ ಮ್ಯಾಲ ಮಾಡಿ ನೋಡ್ರಿ. ಆರು ಹಾಳಿ, ಆರು ಪೆನ್ನು, ಒಂದು ಫೋನಿನ ಅಲಾರಂ, ಪೂರಾ ಅರ್ಧ ತಾಸು. ಆ ಅರ್ಧ ತಾಸು ಯಾರೂ ಮಾತಾಡಬಾರದು, ಕ್ಲಸ್ಟರ್ ನೋಡಿಕೊಳ್ಳೂ ಸಿಆರ್‌ಪಿ ಸಾಹೇಬರೂ.